ಇತ್ತಲ್, ಉತ್ತಲ್, ಅತ್ತಲ್

ಕನ್ನಡ ಎಂ.ಎ. ಮಾಡಿದವನಿಗೆ ಜಪಾನೀ ಭಾಷೆಯ ಪಾಠ ಒಪ್ಪಿಸಿಕೊಳ್ಳುವ ಪ್ರಸಂಗ ಬಂದೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಮೊನ್ನೆಯ ರಜೆಯಲ್ಲಿ ಅದೂ ಬಂದಿತು. ನವಲಗುಂದ ತಾಲೂಕಿನ ಹಳ್ಳಿಯೊಂದರ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ಜಪಾನಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾನೆ. 2021ರ ಜನವರಿಯಲ್ಲಿ ಎರಡು ಸರಕಾರಗಳು ಮಾಡಿಕೊಂಡ ಒಪ್ಪಂದದಿಂದ ತೆರೆದ ಬಾಗಿಲಿದು; ಒಳಹೋಗಲು ಕೆಲಸದ ಪರೀಕ್ಷೆಯೊಡನೆ ಭಾಷೆಯ ಪರೀಕ್ಷೆಯನ್ನೂ ಗೆಲ್ಲಬೇಕು. “ಸರ್, ನೀವು ಪುಸ್ತಕಾ ಹಿಡಕೊಂಡು ಪ್ರಶ್ನೆ ಕೇಳ್ರಿ, ಅಷ್ಟ ಸಾಕು” ಎಂದ. ಅವರ ಪಡಸಾಲೆಯಲ್ಲಿ ಕುಳಿತೆ. ತಾಯಿ ಕಂಬಕ್ಕೊರಗಿ ಜೋಳ ಹಸನು ಮಾಡುತ್ತಿದ್ದಳು.

‘ಈಗ ಎಲ್ಲಿದ್ದೀರಿ?’ ಎಂಬುದೇ ಪಾಠ. ಇಮಾ ದೊಕೊ ದೆಸು ಕಾ. ಉತ್ತರ: ಎಕಿ ನೊ ಮಾಎ ನಿ ಇಮಾಸು. ಎಕಿ ಎಂದರೆ ನಿಲ್ದಾಣ, ನೊ ಎಂಬುದು ನಮ್ಮ ಷಷ್ಠಿ, ಮಾಎ ಎಂದರೆ ಮುಂದು, ನಿ ಎಂಬುದು ಸಪ್ತಮಿ, ಕಟ್ಟಕಡೆಗೆ ಕ್ರಿಯಾಪದ. ನಿಲ್ದಾಣದ ಮುಂದೆ ಇದ್ದೇನೆ. ಒಂದು ಪದವನ್ನಾದರೂ ಹಿಂದುಮುಂದು ಮಾಡಬೇಕಾಗಿಲ್ಲ. ಇಂಗ್ಲಿಷಿನ ಮುಂದೆ ತಲೆಕೆಳಗಾಗಿ ನಿಲ್ಲುವ ನಮ್ಮ ಹುಡುಗರಿಗೆ ಇದೆಂಥ ಸೌಭಾಗ್ಯ! ‘ಇಮಾಸು’ವಿನ ಮೂಲರೂಪ ‘ಇರು’ ಎಂದು ಕಂಡಾಗಲಂತೂ ಪುಸ್ತಕ ಕೈಯಿಂದ ಜಾರುವುದೊಂದೇ ಬಾಕಿ. ಜಪಾನಿನ ಸುಸುಮು ಓನೊ ಎಂಬ ವಿದ್ವಾಂಸರು ತಮ್ಮ ಭಾಷೆಗೂ ತಮಿಳಿಗೂ ನಂಟು ಹೊಂದಿಸಿದ್ದುಂಟು. ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಅದನ್ನು ಒಪ್ಪಲಿಲ್ಲ. ನಾನೂ ಆಕಸ್ಮಿಕವೆಂದೇ ತಿಳಿದಿದ್ದೇನೆ. ಮೇಲಾಗಿ ಅವರ ‘ಇರು’ ಜೀವವುಳ್ಳವರಿಗೆ. ಗುಡಿಗೆ, ಬಾವಿಗೆ ‘ಅರು’.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ತೊಂದು. ಕೊಕೊ, ಸೊಕೊ, ಅಸೊಕೊ: ನನ್ನ ಬಳಿ, ನಿನ್ನ ಬಳಿ, ಇಬ್ಬರಿಗೂ ದೂರ. ನಮ್ಮಲ್ಲಿ ಇಲ್ಲಿ, ಅಲ್ಲಿ ಎಂಬ ಎರಡೇ. ಹಳಗನ್ನಡದಲ್ಲಿಯೋ ಇವಂ, ಅವಂ ಎಂಬುವರ ನಡುವೆ ‘ಉವಂ’ ಒಬ್ಬನಿದ್ದ. ಇತ್ತಲ್, ಅತ್ತಲ್‌ಗಳ ನಡುವೆ ‘ಉತ್ತಲ್’ ಇತ್ತು. ಜಪಾನಿನ ‘ಸೊ’ ಕೇಳುವವನನ್ನು ನೆಚ್ಚಿದ್ದು, ನಮ್ಮದು ಬರಿಯ ನಡುವಿನದು, ಅಷ್ಟು ಭೇದವುಂಟು. ಜಾಫ್ನಾದ ತಮಿಳರ ಬಾಯಲ್ಲಿ ಆ ಉಕಾರ ಇನ್ನೂ ಬದುಕಿದೆ. ನಾವು ಕಳೆದುಕೊಂಡೆವು. ಅಣ್ಣಿಗೇರಿಯ ಹೆಸರೆತ್ತಿದರೆ ಪಂಪನನ್ನು ನೆನೆಯುವ ನಾವು ಅವನ ಕಾಲದ ಈ ಪುಟ್ಟ ಸ್ವರವನ್ನು ನೆನೆಯುವುದಿಲ್ಲ.

“ಸರ್, ಅದ ಇರ್ಲಿ, ಫೋನಿನ ಪಾಠಾ ತಗೀರಿ” ಎಂದ ಹುಡುಗ.

ಜಪಾನಿನಲ್ಲಿ ಆಂಬುಲೆನ್ಸಿಗೆ 119. ಅದೇ ಸಂಖ್ಯೆ ಬೆಂಕಿಗೂ ಹೌದು. ಆದ್ದರಿಂದ ಮೊದಲು ಕೇಳುವುದು, ಕಾಜಿ ದೆಸು ಕಾ, ಕ್ಯೂಕ್ಯೂ ದೆಸು ಕಾ? ಬೆಂಕಿಯೋ, ಆಂಬುಲೆನ್ಸೋ? ಆಮೇಲೆ ಸ್ಥಳ. ನಾನು ಕೇಳಿದೆ. “ಕ್ಯೂಕ್ಯೂ ದೆಸು” ಎಂದ. ಸ್ಥಳವೆಲ್ಲಿ? “ಉಚಿ ನಿ ಇಮಾಸು.” ಮನೆಯಲ್ಲಿದ್ದೇನೆ! ವ್ಯಾಕರಣದಲ್ಲಿ ಎಳ್ಳಷ್ಟೂ ದೋಷವಿಲ್ಲ. ನಾನು ನಕ್ಕೆ. ಅವನು ನಗಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಬೆಣ್ಣೆಹಳ್ಳದ ಕಡೆಯ ಹೊಲದಲ್ಲಿ ಅವನ ತಂದೆಗೆ ಹಾವು ಕಚ್ಚಿತ್ತು. ಫೋನು ಹಿಡಿದವನು ಇವನೇ. “ಎಲ್ಲಿದ್ದೀರಿ?” ಎಂದರೆ “ನಮ್ಮ ಹೊಲದಾಗ, ಬನ್ನಿಗಿಡದ ಮೂಡಲಕ್ಕ” ಎಂದನಂತೆ. ಊರವರಿಗೆ ಅಷ್ಟು ಸಾಕು. ಆಚೆಯ ದನಿಗೆ ಬನ್ನಿಗಿಡಗಳು ನೂರು. ಎರೆಯ ಕೆಸರಿನಲ್ಲಿ ನಾಲ್ವರು ಹೊತ್ತು ರಸ್ತೆಗೆ ತಂದರು. ತಂದೆ ಉಳಿದ. ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ.

ಅಲ್ಲಿಂದ ನಾವು ಈ ಒಂದು ಪುಟವನ್ನೇ ತಿರುಗಿ ತಿರುಗಿ ಓದಿದೆವು. ಜಪಾನಿನ ಹೆಚ್ಚಿನ ಬೀದಿಗಳಿಗೆ ಹೆಸರಿಲ್ಲ. ಎಣಿಸುವುದು ಕೇರಿಯನ್ನು, ಬೀದಿಯನ್ನಲ್ಲ. ವಿಳಾಸ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ: ಪ್ರಾಂತ, ನಗರ, ಕೇರಿ, ತುಂಡು, ಮನೆ. ದಾರಿ ತಪ್ಪಿದವನು ಹತ್ತಿರದ ಪಾನೀಯ ಮಾರುವ ಯಂತ್ರವನ್ನು ನೋಡಬೇಕು, ಅದರ ಮೇಲೆ ಆ ಸ್ಥಳದ ವಿಳಾಸದ ಚೀಟಿ ಅಂಟಿಸಿರುತ್ತಾರೆ. ಅದನ್ನು ಓದುವಷ್ಟು ಅಕ್ಷರ ಬಂದರೆ ಸಾಕು. ಹುಡುಗ ಅಂಥ ಒಂದು ಚೀಟಿಯ ಚಿತ್ರವನ್ನು ಹತ್ತು ಸಲ ಓದಿ ಒಪ್ಪಿಸಿದ.

ಏಳುವ ಹೊತ್ತಿಗೆ ತಾಯಿ ಮೊರ ಕೆಳಗಿಟ್ಟು, “ಎಲ್ಲದಿ ಅಂತ ಅವರ ಮಾತಿನಾಗ ಹ್ಯಾಂಗ ಕೇಳಬೇಕ್ರಿ?” ಎಂದಳು. ಹೇಳಿಕೊಟ್ಟೆ. ಎರಡು ಸಲ ತುಟಿಯಲ್ಲೇ ಅಂದುಕೊಂಡು, ಎದುರಿಗೇ ಕುಳಿತ ಮಗನನ್ನು ಕೇಳಿದಳು:

“ಇಮಾ ದೊಕೊ?”

“ಕೊಕೊ ನಿ ಇಮಾಸು” ಎಂದ ಅವನು.