ಬಸ್ಸಿನಲ್ಲಿ ಬರುವ ಮಕ್ಕಳಿಗೂ ಸೇವೆಯ ಪಾಲು ಸಿಗಲಿ

ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿಗಳು ಸೇವಾಕಾರ್ಯಕ್ಕೆ ನಿಲ್ಲುವುದಿಲ್ಲ ಎಂದು ಕಾಲೇಜಿನವರು ದೂರುತ್ತಾರೆ. ಮಕ್ಕಳಿಗೆ ಮನಸ್ಸಿದೆ, ಸಂಜೆಯ ಬಸ್ಸು ಕಾಯುವುದಿಲ್ಲ, ಮನೆಯಲ್ಲಿ ದನಕರು ಕಾದಿರುತ್ತವೆ.

1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಸ್ವಯಂಸೇವಕರಿಂದ ವರ್ಷಕ್ಕೆ 120 ಗಂಟೆಗಳ ಸೇವೆ ಕೇಳುತ್ತದೆ. ಏಳು ದಿನಗಳ ವಿಶೇಷ ಶಿಬಿರ ಬೇರೆ. ಸಂಜೆ ಮತ್ತು ಭಾನುವಾರವೇ ಸೇವೆಯ ಹೊತ್ತಾದರೆ ಈ ಮಕ್ಕಳು ಹೊರಗೇ ಉಳಿಯುತ್ತಾರೆ. ಆದ್ದರಿಂದ ಸೇವೆಯನ್ನು ಕಾಲೇಜಿನ ಆವರಣಕ್ಕೂ ವೇಳಾಪಟ್ಟಿಗೂ ತಂದು ಪಾಠಕ್ಕೆ ಜೋಡಿಸಬೇಕು.

ಶರಣ ಬಂಧುಗಳು ಒಂದು ಲೆಕ್ಕ ನೋಡಬೇಕು. 1,000 ಚದರ ಮೀಟರ್ ಚಾವಣಿಯ ಮೇಲೆ 600 ಮಿ.ಮೀ. ಮಳೆ ಬಿದ್ದರೆ 6 ಲಕ್ಷ ಲೀಟರ್ ನೀರು. ಐದರಲ್ಲೊಂದು ಪಾಲು ನಷ್ಟವೆಂದರೂ 4.8 ಲಕ್ಷ ಲೀಟರ್ ಉಳಿಯುತ್ತದೆ. ಚಾವಣಿಯ ಅಳತೆ ಗಣಿತದವರಿಗೆ, ನೀರಿನ ಪರೀಕ್ಷೆ ರಸಾಯನಶಾಸ್ತ್ರದವರಿಗೆ, ಖರ್ಚಿನ ಅಂದಾಜು ವಾಣಿಜ್ಯದವರಿಗೆ ಪಾಠವಾಗುತ್ತದೆ. ತಾವು ಕಲಿತದ್ದನ್ನು ಬರೆದು ಒಪ್ಪಿಸಿದರೆ ಅಂಕವೂ ಸಿಗಲಿ. ಕೈಗೆ ಪೊರಕೆ ಕೊಟ್ಟು ಸುಮ್ಮನಾದರೆ ಸೇವೆಯಾದೀತು, ಕಲಿಕೆಯಾಗದು.

ವಾರಕ್ಕೆ ನಾಲ್ಕು ಗಂಟೆಯಂತೆ 30 ವಾರಗಳಲ್ಲಿ ಆ 120 ಗಂಟೆ ತುಂಬುತ್ತದೆ. ಮಠಗಳ ಕಾಲೇಜುಗಳು ಇದನ್ನು ಮೊದಲು ಮಾಡಿ ತೋರಿಸಲಿ. ದಾಸೋಹದ ಪಾಠ ಪ್ರಸಾದನಿಲಯದ ಮಕ್ಕಳಂತೆ ಬಸ್ಸಿನ ಮಕ್ಕಳಿಗೂ ಸಲ್ಲಬೇಕು.