ಬ್ಯಾಟು ಕೊಟ್ಟು ಚೆಂಡು ಕೊಂಡವರು

ಕಳೆದ ಭಾನುವಾರ ಸಂಜೆ ತೊಕ್ಕೊಟ್ಟಿನ ಚಹಾದಂಗಡಿಯೊಂದರಲ್ಲಿ ನಮ್ಮ ತಂಡದ ತುರ್ತು ಸಭೆ ಸೇರಿತ್ತು. ತಂಡವೆಂದರೆ ಭಾರೀ ದೊಡ್ಡದೇನಲ್ಲ. ಉಳ್ಳಾಲದ ಕಡಲ ದಂಡೆಯಲ್ಲಿ, ಇಳಿತದ ಹೊತ್ತಿಗೆ ಗಟ್ಟಿಯಾಗುವ ಒದ್ದೆ ಮರಳಿನ ಮೇಲೆ ಟೆನಿಸ್ ಚೆಂಡಿನಲ್ಲಿ ಆಡಿ ಬೆಳೆದ ಹುಡುಗರ ಗುಂಪು. ಮಳೆಗಾಲ ಮುಗಿಯಿತೆಂದರೆ ನಮ್ಮ ಕಡೆ ಊರೂರಿಗೊಂದು ಪಂದ್ಯಾಟ. ಈಗೀಗ ಅದಕ್ಕೂ ಹರಾಜು ಬಂದಿದೆ, ಅದಲು ಬದಲೂ ಬಂದಿದೆ. ದುಡ್ಡಿನ ಬದಲು ಪಾಯಿಂಟು, ಅಷ್ಟೇ ವ್ಯತ್ಯಾಸ.

ಸಭೆಯ ಮುಂದಿದ್ದ ಪ್ರಶ್ನೆ ಒಂದೇ. ನಮ್ಮ ಆರಂಭ ಆಟಗಾರ, ಹತ್ತೊಂಬತ್ತರ ಹುಡುಗ, ಪಕ್ಕದ ಊರಿನ ತಂಡದವರ ಕಣ್ಣಿಗೆ ಬಿದ್ದಿದ್ದಾನೆ. ಅವನನ್ನು ಕೊಟ್ಟರೆ ಹೊಸ ಚೆಂಡಿನಲ್ಲಿ ಪಳಗಿದ ಇಬ್ಬರು ಬೌಲರುಗಳನ್ನು ಕೊಡುತ್ತಾರಂತೆ. ಹೋದ ವರ್ಷ ಸೆಮಿಫೈನಲಿನ ಕೊನೆಯ ಓವರಿನಲ್ಲಿ ಹದಿನೆಂಟು ರನ್ನು ಉಳಿಸಿಕೊಳ್ಳಲಾಗದೆ ಸೋತವರು ನಾವು. ಹಾಗಾಗಿ ನಾಲ್ವರು ‘ಕೊಡೋಣ’ ಎಂದರು, ನಾಲ್ವರು ‘ಬೇಡ’ ಎಂದರು. ಉಳಿದದ್ದು ನನ್ನ ಮತ. ಒಂದು ವಾರದ ಗಡುವು ಕೇಳಿ ಎದ್ದು ಬಂದೆ.

ಮನೆಗೆ ಬಂದವನು ಹಳೆಯ ಲೆಕ್ಕಗಳನ್ನು ತೆಗೆದು ಕುಳಿತೆ. ಇಂಥ ವ್ಯಾಪಾರ ನಮಗಿಂತ ದೊಡ್ಡವರು ಎಷ್ಟೋ ಸಲ ಮಾಡಿದ್ದಾರಲ್ಲ, ಅವರಿಗೆ ಏನು ದಕ್ಕಿತು ಎಂದು ನೋಡುವ ಆಸೆ.

ಐಪಿಎಲ್ಲಿನ ಎರಡನೆಯ ವರ್ಷ, 2009ರಲ್ಲಿ, ಕೊಡಗಿನ ರಾಬಿನ್ ಉತ್ತಪ್ಪನನ್ನು ಮುಂಬಯಿಯವರು ಬೆಂಗಳೂರಿಗೆ ಕೊಟ್ಟು ಎಡಗೈ ವೇಗಿ ಜಹೀರ್ ಖಾನನನ್ನು ಪಡೆದರು. ಉತ್ತಪ್ಪನಿಗೆ ಆಗ 23 ವರ್ಷ. ನಮ್ಮವನು ನಮ್ಮಲ್ಲಿಗೆ ಬಂದನೆಂದು ಕರ್ನಾಟಕದವರು ಹಿಗ್ಗಿದ್ದೇ ಹಿಗ್ಗಿದ್ದು. ಆದರೆ ಆ ವರ್ಷ ಅವನ ಬ್ಯಾಟಿನಿಂದ ಬಂದದ್ದು 175 ರನ್ನು. ಅತ್ತ ಜಹೀರನೋ ಗಾಯಾಳುವಾದ. ಮುಂಬಯಿ ಸೆಮಿಫೈನಲಿಗೂ ಬರಲಿಲ್ಲ. ಬೌಲರನನ್ನು ಕೊಟ್ಟ ಬೆಂಗಳೂರೇ ಫೈನಲಿಗೆ ನಡೆದು ಆರು ರನ್ನಿನಿಂದ ಸೋತಿತು. ಅದು ಹೇಗೆ? ನಮ್ಮ ತಲಪಾಡಿ ಗಡಿ ದಾಟಿದರೆ ಸಿಗುವ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆ ಅಲ್ಲಿದ್ದರಲ್ಲ! ಫೈನಲಿನಲ್ಲಿ 16 ರನ್ನಿಗೆ ನಾಲ್ಕು ವಿಕೆಟ್ ಕಿತ್ತು, ಸೋತ ತಂಡದಲ್ಲಿದ್ದೂ ಪಂದ್ಯ ಪುರುಷರಾದರು. ಬೌಲರನನ್ನು ಕೊಡುವ ಮೊದಲು ಮನೆಯಲ್ಲಿ ಎಷ್ಟಿದೆ ಎಂದು ಎಣಿಸಿದವರಿಗೆ ಕೊಟ್ಟದ್ದು ಭಾರವಾಗುವುದಿಲ್ಲ.

ಅದೇ ವರ್ಷ ಇನ್ನೊಂದು ಅದಲು ಬದಲು ನಡೆಯಿತು. ದೆಹಲಿಯವರು ಶಿಖರ್ ಧವನನನ್ನು ಮುಂಬಯಿಗೆ ಕೊಟ್ಟು ಆಶಿಶ್ ನೆಹ್ರಾನನ್ನು ಕರೆತಂದರು. ನೆಹ್ರಾ 19 ವಿಕೆಟ್ ಪಡೆದ. ದೆಹಲಿ ಲೀಗ್ ಹಂತದಲ್ಲಿ ಎಲ್ಲರಿಗಿಂತ ಮೇಲೆ ನಿಂತಿತು. ಆ ವರ್ಷದ ಪುಸ್ತಕ ಅಲ್ಲಿಗೇ ಮುಚ್ಚಿದ್ದರೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇನ್ನಿಲ್ಲ. ಆದರೆ ಪುಸ್ತಕ ಮುಚ್ಚಲಿಲ್ಲ. ಧವನ್ ಐಪಿಎಲ್ಲಿನಲ್ಲಿ ಆರು ಸಾವಿರಕ್ಕೂ ಮೀರಿ ರನ್ನು ಹೊಡೆದ. ಅವನನ್ನು ಮರಳಿ ತರಲು ದೆಹಲಿಯವರು 2018ರ ಕೊನೆಯಲ್ಲಿ ಹೈದರಾಬಾದಿಗೆ ಮೂವರನ್ನು ಕೊಡಬೇಕಾಯಿತು. ಆ ಮೂವರಲ್ಲಿ ಒಬ್ಬ ಹದಿನೆಂಟರ ಹುಡುಗ, ಅಭಿಷೇಕ್ ಶರ್ಮಾ. 2025ರಲ್ಲಿ ಪಂಜಾಬಿನ ವಿರುದ್ಧ 141 ರನ್ನು ಚಚ್ಚಿದವನು ಅವನೇ. ಎಳೆಯ ಬ್ಯಾಟುಗಾರನನ್ನು ಕೊಟ್ಟ ತಪ್ಪು ತಿದ್ದಲು ಹೋಗಿ ಇನ್ನೊಬ್ಬ ಎಳೆಯನನ್ನು ಕೊಟ್ಟ ಹಾಗಾಯಿತು, ಅಲ್ಲವೇ?

ಇದು ನಮ್ಮ ದೇಶದ ಚಾಳಿ ಮಾತ್ರವೂ ಅಲ್ಲ. ಅಮೆರಿಕದವರ ಬೇಸ್‌ಬಾಲಿನಲ್ಲಿ ಆಟಗಾರರ ವಿನಿಮಯ ಬಹಳ ಹಳೆಯ ಪದ್ಧತಿ. 1990ರಲ್ಲಿ ಬಾಸ್ಟನ್ ತಂಡದವರು ಪ್ರಶಸ್ತಿಯ ಹೊಸ್ತಿಲಲ್ಲಿದ್ದಾಗ ಚೆಂಡೆಸೆಯುವವನೊಬ್ಬ ಬೇಕಾಗಿ, ಇನ್ನೂ ಚಿಕ್ಕ ಲೀಗಿನಲ್ಲಿ ಆಡುತ್ತಿದ್ದ 22ರ ಜೆಫ್ ಬ್ಯಾಗ್‌ವೆಲ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟರು. ಬಂದ ಲ್ಯಾರಿ ಆಂಡರ್ಸನ್ ಚೆನ್ನಾಗಿಯೇ ಎಸೆದ, ಆ ಋತು ಮುಗಿದೊಡನೆ ಬೇರೆ ತಂಡಕ್ಕೆ ಹೋದ. ಬ್ಯಾಗ್‌ವೆಲ್ ಹ್ಯೂಸ್ಟನ್‌ನಲ್ಲಿ 15 ವರ್ಷ ಆಡಿ 449 ಹೋಮ್ ರನ್ ಬಾರಿಸಿದ.

ಇನ್ನು ತೀರಾ ಇತ್ತೀಚಿನದು. 2023ರ ನವೆಂಬರಿನಲ್ಲಿ ರಾಜಸ್ಥಾನದವರು ನಮ್ಮ ಕರ್ನಾಟಕದ ಎಡಗೈ ಆಟಗಾರ ದೇವದತ್ತ ಪಡಿಕ್ಕಲ್‌ನನ್ನು ಲಖನೌಗೆ ಕೊಟ್ಟು ವೇಗಿ ಆವೇಶ್ ಖಾನನನ್ನು ಪಡೆದರು. ಲಖನೌದ ನಾಯಕ ಆಗ ಬೇರಾರೂ ಅಲ್ಲ, ಸುರತ್ಕಲ್‌ನಲ್ಲಿ ಬೆಳೆದ ನಮ್ಮ ಕೆ.ಎಲ್. ರಾಹುಲ್. 2024ರಲ್ಲಿ ಆವೇಶ್ 19 ವಿಕೆಟ್ ಪಡೆದು ರಾಜಸ್ಥಾನವನ್ನು ಫೈನಲಿನ ಬಾಗಿಲ ತನಕ ತಲುಪಿಸಲು ನೆರವಾದ. ದೇವದತ್ತ ಏಳು ಪಂದ್ಯಗಳಲ್ಲಿ ಹೊಡೆದದ್ದು 38. ಲಖನೌ ಮುಳುಗಿತು, ರಾಜಸ್ಥಾನ ಗೆದ್ದಿತು ಎಂದು ಎಲ್ಲರೂ ತೀರ್ಪಿತ್ತರು. ಸ್ವಲ್ಪ ತಾಳಿ. ಮುಂದಿನ ಹರಾಜಿನಲ್ಲಿ ಆವೇಶ್ ಲಖನೌಗೇ ಮರಳಿದ. 2025ರ ಏಪ್ರಿಲಿನಲ್ಲಿ ಜೈಪುರದಲ್ಲಿ, ಅದೇ ರಾಜಸ್ಥಾನಕ್ಕೆ ಕೊನೆಯ ಓವರಿನಲ್ಲಿ ಒಂಬತ್ತು ರನ್ನು ಬೇಕಿದ್ದಾಗ, ಕೊಡದೆ ಎರಡು ರನ್ನಿನಿಂದ ಗೆಲ್ಲಿಸಿದ. ದೇವದತ್ತ ಎರಡು ಕೋಟಿಗೆ ಬೆಂಗಳೂರಿಗೆ ಬಂದ. ಗಾಯಗೊಂಡು ಹೊರಗುಳಿಯುವ ಮುನ್ನ 247 ರನ್ನು ಮಾಡಿದ. ಆ ವರ್ಷ ಬೆಂಗಳೂರು ಮೊದಲ ಬಾರಿಗೆ ಕಪ್ಪು ಗೆದ್ದಿತು.

ಈ ಲೆಕ್ಕಗಳಿಂದ ನನಗೆ ಹೊಳೆದದ್ದಿಷ್ಟು. ಬೌಲರ್ ನಗದು, ಎಳೆಯ ಬ್ಯಾಟುಗಾರ ಠೇವಣಿ. ನಗದು ಈ ವರ್ಷವೇ ಕೈಗೆ ಬರುತ್ತದೆ. ಠೇವಣಿ ಯಾವಾಗ ಬಲಿಯುತ್ತದೋ, ಯಾರ ಅಂಗಿ ತೊಟ್ಟಾಗ ಬಲಿಯುತ್ತದೋ ಹೇಳಲಾಗದು. ಹಾಗೆಂದು ನಗದು ಬೇಡವೆನ್ನುವುದು ಜಾಣತನವಲ್ಲ. ಮನೆಯಲ್ಲಿ ಅಕ್ಕಿ ಇಲ್ಲದವನು ಠೇವಣಿಯ ರಸೀದಿ ಹಿಡಿದು ಕೂರಲಾದೀತೇ? ನೆಹ್ರಾನೂ ಆವೇಶನೂ ತಮ್ಮ ತಮ್ಮ ತಂಡದ ಹಸಿವು ನೀಗಿಸಿದ್ದು ಸುಳ್ಳಲ್ಲ.

ಇನ್ನೊಂದು ಮಾತೂ ಇದೆ. ಬೆಂಗಳೂರಿಗಾಗಿ ಇನಿಂಗ್ಸ್ ಆರಂಭಿಸಿ 2020ರಲ್ಲಿ 473 ರನ್ನು ಹೊಡೆದ ದೇವದತ್ತ, ರಾಜಸ್ಥಾನಕ್ಕೆ ಹೋದಾಗ ಅಲ್ಲಿ ಆರಂಭಿಕರು ಬೇರೆ ಇದ್ದರು. ಕೆಳಗೆ ಸರಿದ, ರನ್ನೂ ಸರಿಯಿತು. ಅವನ ಬ್ಯಾಟು ಬದಲಾಗಲಿಲ್ಲ, ನಿಲ್ಲುವ ಜಾಗ ಬದಲಾಯಿತು. ತಕ್ಕಡಿಯಲ್ಲಿ ಆಳನ್ನಿಟ್ಟು ತೂಗುವ ನಾವು ಜಾಗವನ್ನು ತೂಗುವುದೇ ಇಲ್ಲ.

ಐಪಿಎಲ್ಲಿನಂಥ ಹಣದ ಸಂತೆಯಲ್ಲೂ ಒಂದು ನಿಯಮವಿದೆ. ಆಟಗಾರ ಒಪ್ಪದೆ ಅವನನ್ನು ಅದಲು ಬದಲು ಮಾಡುವಂತಿಲ್ಲ. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ನಮ್ಮ ಸಭೆಯಲ್ಲಿ ಒಂಬತ್ತು ಮಂದಿ ಇದ್ದೆವು, ಒಂಬತ್ತು ಚಹಾ ಕುಡಿದೆವು. ಹುಡುಗನನ್ನು ಕೇಳೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಗುರುವಾರ ಸಂಜೆ ದಂಡೆಗೆ ಹೋದೆ. ಹುಡುಗ ಒಬ್ಬನೇ ಇದ್ದ. ಚಿಕ್ಕ ಮಕ್ಕಳಿಂದ ಚೆಂಡು ಹಾಕಿಸಿಕೊಂಡು ಆಡುತ್ತಿದ್ದ. ವಿಷಯ ಹೇಳಿದೆ. ಅವನಿಗೆ ಮೊದಲೇ ಗೊತ್ತಿತ್ತು. ಊರಿನಲ್ಲಿ ಯಾವ ಗುಟ್ಟು ನಿಲ್ಲುತ್ತದೆ? ಸ್ವಲ್ಪ ಹೊತ್ತು ಬ್ಯಾಟಿನ ತುದಿಯಿಂದ ಮರಳು ಕೆದಕಿ, “ಅಲ್ಲಿ ನನಗೆ ಮೊದಲು ಆಡಲು ಬಿಡುತ್ತಾರಾ?” ಎಂದು ಕೇಳಿದ. ಪಾಯಿಂಟು ಎಷ್ಟೆಂದು ಕೇಳಲಿಲ್ಲ, ಯಾರ ಬದಲಿಗೆಂದೂ ಕೇಳಲಿಲ್ಲ.

ಆ ತಂಡದಲ್ಲಿ ಆರಂಭಕ್ಕೆ ಪಳಗಿದ ಇಬ್ಬರಿದ್ದಾರೆ. ಇವನಿಗೆ ಸಿಗುವುದು ಆರನೆಯ ಜಾಗ. ಎಂಟು ಓವರಿನ ಆಟದಲ್ಲಿ ಆರನೆಯವನಿಗೆ ನಾಲ್ಕು ಚೆಂಡು ಸಿಕ್ಕಿದರೆ ಪುಣ್ಯ. ಇದ್ದದ್ದನ್ನು ಇದ್ದಂತೆ ಹೇಳಿದೆ. “ಹಾಗಾದರೆ ನಾನು ಇಲ್ಲೇ ಇರುತ್ತೇನೆ. ಆದರೆ ಕೊನೆಯ ಓವರು ಯಾರು ಹಾಕುವುದು?” ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇಂದು ಸಂಜೆ ‘ಬೇಡ’ ಎಂದು ಮತ ಹಾಕಲಿದ್ದೇನೆ. ಈ ವರ್ಷವೂ ಕೊನೆಯ ಓವರಿನಲ್ಲಿ ಸೋತರೆ ತೊಕ್ಕೊಟ್ಟಿನ ಅಂಗಡಿಯಲ್ಲಿ ನನಗೆ ಚಹಾ ಸಿಗಲಿಕ್ಕಿಲ್ಲ. ಸೋತ ಹೊಣೆ ನನ್ನದೇ ಎಂದು ಮುಂಚಿತವಾಗಿ ಇಲ್ಲಿ ಬರೆದಿಟ್ಟಿದ್ದೇನೆ.