ಟೊಂಕದ ಒಣಮೀನಿನ ಅಂಗಳ ನಕ್ಷೆಗೆ ಬರಲಿ

ಹೊನ್ನಾವರ ತಾಲ್ಲೂಕಿನ ಕಾಸರಕೋಡು ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರಿಗೆ ರಾಜ್ಯ ಸರ್ಕಾರ ಒಪ್ಪಂದ ಮಾಡಿಕೊಂಡದ್ದು 2010ರಲ್ಲಿ. ಅದನ್ನು ವಿರೋಧಿಸಿ ಮೀನುಗಾರರು ವರ್ಷಗಳಿಂದ ಬೀದಿಗಿಳಿಯುತ್ತಿದ್ದಾರೆ. ಪೊಲೀಸರ ಕಾವಲಿನಲ್ಲಿ ಸರ್ವೆ ನಡೆದಿದೆ, ಪ್ರತಿಭಟಿಸಿದವರ ಮೇಲೆ ಪ್ರಕರಣಗಳೂ ದಾಖಲಾಗಿವೆ. ‘ಅದು ಸರ್ಕಾರಿ ಜಾಗ, ಇವರ ಹತ್ತಿರ ಕಾಗದಪತ್ರ ಎಲ್ಲಿದೆ?’ ಎಂಬುದು ಬಂದರಿನ ಪರ ಇರುವವರ ವಾದ. ಈ ವಾದಕ್ಕೆ ಕರಾವಳಿಯ ಚರಿತ್ರೆಯ ಬೆಂಬಲವೂ ಇಲ್ಲ, ಕಾನೂನಿನ ಬೆಂಬಲವೂ ಇಲ್ಲ.

ಈ ತೀರದಲ್ಲಿ ಬೇರೆಡೆಯಿಂದ ಬಂದು ನೆಲೆಯಾದವರೇ ಬಹಳ. ಭಟ್ಕಳದ ನವಾಯತರು ತಮ್ಮ ಮೂಲವನ್ನು ಅರಬ್ ವರ್ತಕರಲ್ಲಿ ಗುರುತಿಸುತ್ತಾರೆ. ಕುಮಟಾ, ಹೊನ್ನಾವರಗಳ ಅನೇಕ ಕೊಂಕಣಿ ಮನೆತನಗಳು ಪೋರ್ಚುಗೀಸರ ಕಾಟ ತಾಳಲಾರದೆ ಗೋವಾ ಬಿಟ್ಟು ಬಂದವು. ಮೀನುಗಾರ ಸಮುದಾಯವಾದ ಕೊಂಕಣಿ ಖಾರ್ವಿಗಳೂ ತಮ್ಮ ಹಿರಿಯರು ಗೋವಾದವರೆಂದೇ ಹೇಳುತ್ತಾರೆ. ವ್ಯಾಪಾರ, ಜಮೀನು ಹಿಡಿದವರಿಗೆ ದಾಖಲೆ ಸಿಕ್ಕಿತು. ಕಡಲನ್ನೇ ನಂಬಿದವರಿಗೆ ತಲೆಮಾರು ಕಳೆದರೂ ಪಹಣಿ ಇಲ್ಲ.

ಟೊಂಕದ ಹೆಂಗಸರು ಉಪ್ಪು ಹಾಕಿದ ಮೀನನ್ನು ಮರಳ ಮೇಲೆ ಹರವಿ, ಬಿಸಿಲೇರಿದಂತೆ ಮಗುಚಿ, ಕಾಗೆ ನಾಯಿ ಬಾರದಂತೆ ಕಾಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಮಳೆದಿನಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಒಣಮೀನಿನ ದುಡ್ಡಿನಿಂದ. ಈ ಕಸುಬಿಗೆ ವಿದ್ಯುತ್ ಬೇಡ, ಯಂತ್ರ ಬೇಡ. ಬಿಸಿಲು, ಗಾಳಿ, ಬಯಲು ಬೇಕು. ಇದೇ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. 2020ರಲ್ಲಿ ಕಾಸರಕೋಡಿನ ಕಡಲತೀರಕ್ಕೆ ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಸರ್ಕಾರವೇ ಹೆಮ್ಮೆಪಟ್ಟಿತು. ಸುಸ್ಥಿರ ಅಭಿವೃದ್ಧಿಯನ್ನು ಬದುಕಿ ತೋರಿಸಿದವರನ್ನೇ ಅಭಿವೃದ್ಧಿಯ ಹೆಸರಿನಲ್ಲಿ ಎಬ್ಬಿಸುವುದು ಅನ್ಯಾಯ.

ಬಂದರು ಬಂದರೆ ಉದ್ಯೋಗ ಬರುತ್ತದೆ ಎನ್ನುತ್ತಾರೆ. ಆದರೆ ಯೋಜನೆಗಳಿಗೆ ಜಾಗ ಬಿಟ್ಟವರ ಅನುಭವ ಬೇರೆಯೇ. 1986ರಲ್ಲಿ ಶಿಲಾನ್ಯಾಸವಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾಗಳ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಅವರಲ್ಲಿ ಅನೇಕರು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಕಚೇರಿ ಅಲೆದರು. ದೇಶದ ರಕ್ಷಣೆಗೆ ಜಾಗ ಬಿಟ್ಟವರ ಗತಿಯೇ ಹೀಗಾದ ಮೇಲೆ, ಖಾಸಗಿ ಲಾಭಕ್ಕೆ ಜಾಗ ಬಿಡಿ ಎಂದರೆ ಟೊಂಕದವರು ಯಾವ ಭರವಸೆಯ ಮೇಲೆ ಬಿಡಬೇಕು?

ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆ ಮೀನುಗಾರರ ಹಳ್ಳಿ, ಅವರ ಸಾಮುದಾಯಿಕ ಸ್ವತ್ತು, ಮೀನು ಒಣಗಿಸುವ ಜಾಗ, ಎಲ್ಲವನ್ನೂ ನಕ್ಷೆಯಲ್ಲಿ ತೋರಿಸಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ಆದ್ದರಿಂದ ಕಾಗದ ತೋರಿಸಬೇಕಾದವರು ಮೀನುಗಾರರಲ್ಲ, ಸರ್ಕಾರ.

ಜಿಲ್ಲಾಡಳಿತ ಮೀನುಗಾರರನ್ನು ಜೊತೆಗಿಟ್ಟುಕೊಂಡು ಒಣಮೀನಿನ ಅಂಗಳಗಳನ್ನು ಅಳೆಯಲಿ, ನಕ್ಷೆಯಲ್ಲಿ ಗುರುತಿಸಲಿ, ಮನೆಗಳಿಗೆ ಹಕ್ಕುಪತ್ರ ಕೊಡಲಿ. ಅಷ್ಟಾಗುವವರೆಗೆ ಟೊಂಕದಲ್ಲಿ ಬಂದರಿನ ಯಾವ ಕೆಲಸವೂ ನಡೆಯಕೂಡದು.